ಗೂಡಿನೊಳಗಿನ ಒಲೆ

(ಸಂಘದ ವಾರ್ಷಿಕ ಸಭೆಯಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಕಲಿಸುವ ಶಿಕ್ಷಕರಿಗೆ ವಿಜ್ಞಾನದ ವಿಷಯವನ್ನು ಕೊಟ್ಟಿದ್ದಾರಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಆದರೆ ಈ ವಿಷಯದಲ್ಲಿ ಮೊದಲ ತೊಡಕು ಇರುವುದೇ ಭಾಷೆಯಲ್ಲಿ. ಮೂಗಿನಿಂದ ಗಾಳಿಯನ್ನು ಎಳೆದು ಬಿಡುವುದಕ್ಕೆ ನಾವು ಉಸಿರಾಟ ಎನ್ನುತ್ತೇವೆ. ಜೀವಕೋಶದ ಒಳಗೆ ಆಹಾರವು ವಿಭಜನೆಯಾಗಿ ಶಕ್ತಿ ಹೊರಬರುವುದಕ್ಕೂ ಉಸಿರಾಟ ಎಂದೇ ಬರೆಯುತ್ತೇವೆ. ಉರ್ದುವಿನಲ್ಲಿ ಸಾಂಸ್ ಮತ್ತು ತನಫ್ಫುಸ್ ಎಂದು ಎರಡು ಮಾತುಗಳಿದ್ದರೂ, ಪುಸ್ತಕದ ತನಫ್ಫುಸ್ ಮನೆಮಾತಿನ ಸಾಂಸ್‌ನೊಳಗೆ ಸೇರಿಹೋಗುತ್ತದೆ. ಹೀಗಾಗಿ ಎರಡೂ ಮಾಧ್ಯಮದ ಮಕ್ಕಳು ಪರೀಕ್ಷೆಯಲ್ಲಿ ಶ್ವಾಸಕೋಶದ ಚಿತ್ರ ಬರೆದು, ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ ಎಂದು ಮುಗಿಸಿಬಿಡುತ್ತಾರೆ. ಒಳಗೆ ಹೋದ ಗಾಳಿಗೆ ಅಲ್ಲಿ ಏನು ಕೆಲಸ? ಅದನ್ನು ಯಾರೂ ಬರೆಯುವುದಿಲ್ಲ. ಇವತ್ತಿನ ನನ್ನ ಮಾತು ಆ ಕೆಲಸದ ಬಗ್ಗೆ.

ಅದನ್ನು ನೋಡಲು ನೀವು ದೊಡ್ಡ ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ನಮ್ಮ ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋದರೆ ಸಾಕು. (ಇದು ಉತ್ತರ ಕರ್ನಾಟಕದ ವಿಜಯಪುರವಲ್ಲ ಎಂದು ಹೊರಗಿನ ಓದುಗರಿಗೆ ತಿಳಿಸಬೇಕು.) ರೈತರು ತಂದ ಗೂಡನ್ನು ಅಲ್ಲಿ ತೂಗಿ, ಹರಾಜಿನಲ್ಲಿ ಕೊಳ್ಳುವವರಲ್ಲಿ ನಮ್ಮ ಸಮುದಾಯದ ರೀಲರ್‌ಗಳು ಬಹಳ ಮಂದಿ. ಪಕ್ಕದ ಶಿಡ್ಲಘಟ್ಟದಲ್ಲೂ ಹಾಗೆಯೇ. 2007ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ರಾಮನಗರದಲ್ಲೂ ಹಾಗೆಯೇ. ನಮ್ಮ ಎಷ್ಟೋ ಮಕ್ಕಳು ಬೇಸಿನ್‌ನ ಬಿಸಿನೀರಿನ ಹಬೆಯ ನಡುವೆ ಹೋಂವರ್ಕ್ ಮಾಡಿ ಬೆಳೆದವರು. ಅವರಿಗೆ ತಿಳಿದಿರುವ ಒಂದು ಸಂಗತಿಯಿಂದಲೇ ಆರಂಭಿಸುತ್ತೇನೆ.

ಹಸಿ ಗೂಡನ್ನು ಇಟ್ಟರೆ ಅದು ದಿನದಿಂದ ದಿನಕ್ಕೆ ಹಗುರವಾಗುತ್ತದೆ. ಇದು ರೈತನಿಗೂ ಗೊತ್ತು, ರೀಲರನಿಗೂ ಗೊತ್ತು. ಇಂದು ತೂಗಿದರೆ ನೂರು ಕಿಲೋ ಇರುವ ಲಾಟು ನಾಳೆ ಅಷ್ಟು ತೂಗುವುದಿಲ್ಲ. ಅದಕ್ಕೇ ರೈತ ಗೂಡು ಬಿಡಿಸಿದ ಮೇಲೆ ಮನೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ಗೋಣಿಚೀಲದಲ್ಲಿ ಒತ್ತಿ ತುಂಬಿ ಬಿಸಿಲಿನಲ್ಲಿ ತಂದರೆ ಗೂಡು ಬೆವರಿದಂತಾಗಿ ಕೆಡುತ್ತದೆ. ಅದಕ್ಕೇ ಸಡಿಲವಾದ ಜಾಲರಿ ಚೀಲದಲ್ಲಿ ತುಂಬಿ ತಂಪು ಹೊತ್ತಿನಲ್ಲಿ ತರಬೇಕು, ತಂದ ಮೇಲೆ ತೆಳುವಾಗಿ ಹರಡಬೇಕು ಎಂದು ರೇಷ್ಮೆ ಇಲಾಖೆಯವರು ಹೇಳುವುದು. ಗುಡ್ಡೆ ಹಾಕಿದ ಗೂಡಿನ ನಡುವೆ ಕೈ ಇಟ್ಟು ನೋಡಿ, ಬೆಚ್ಚಗಿರುತ್ತದೆ. ಕೊಯ್ದು ರಾಶಿ ಹಾಕಿದ ಹಿಪ್ಪುನೇರಳೆ ಸೊಪ್ಪೂ ಹೀಗೆಯೇ ಬೆಚ್ಚಗಾಗುತ್ತದೆ.

ಆ ಬಿಸಿ ಎಲ್ಲಿಂದ ಬಂತು? ಕಳೆದುಹೋದ ತೂಕ ಎಲ್ಲಿಗೆ ಹೋಯಿತು?

ಗೂಡಿನ ಒಟ್ಟು ತೂಕದಲ್ಲಿ ರೇಷ್ಮೆಯ ಪಾಲು ಆರರಲ್ಲಿ ಒಂದು, ಹೆಚ್ಚೆಂದರೆ ಐದರಲ್ಲಿ ಒಂದರಷ್ಟು. ಉಳಿದದ್ದೆಲ್ಲ ಒಳಗಿರುವ ಕೋಶಾವಸ್ಥೆಯ ಹುಳು, ಅಂದರೆ ಪ್ಯೂಪಾ. ರೇಷ್ಮೆಯ ಎಳೆ ಹಾಗೇ ಇರುತ್ತದೆ. ಹಗುರವಾಗುವುದು ಪ್ಯೂಪಾ. ಅದು ಸತ್ತಿಲ್ಲ, ನಿದ್ರೆಯನ್ನೂ ಮಾಡುತ್ತಿಲ್ಲ. ಕತ್ತಲಲ್ಲಿ ಕುಳಿತು ತನ್ನ ದೇಹವನ್ನು ಕೆಡವಿ ಹೊಸದಾಗಿ ಕಟ್ಟುತ್ತಿದೆ. ಹುಳುವಿನ ಬಾಯಿ, ಹೊಟ್ಟೆ, ರೇಷ್ಮೆ ಗ್ರಂಥಿಗಳು ಕರಗಬೇಕು. ರೆಕ್ಕೆ, ಉದ್ದನೆಯ ಕಾಲು, ಕಣ್ಣು, ಮೊಟ್ಟೆ ಮೂಡಬೇಕು. ಇಷ್ಟು ದೊಡ್ಡ ಕಟ್ಟಡದ ಕೆಲಸಕ್ಕೆ ಇಂಧನ ಬೇಕು. ಆದರೆ ಅದು ಒಂದು ಎಲೆಯನ್ನೂ ತಿನ್ನುವುದಿಲ್ಲ. ಗೂಡಿನಿಂದ ಹೊರಬಂದ ಚಿಟ್ಟೆಗಂತೂ ಉಣ್ಣುವ ಬಾಯಿಯೇ ಇಲ್ಲ. ಅದು ಕೂಡುವುದು, ನಾನೂರು ಐನೂರು ಮೊಟ್ಟೆ ಇಡುವುದು, ಸಾಯುವುದು, ಎಲ್ಲವೂ ಹುಳುವಾಗಿದ್ದಾಗ ತಿಂದ ಸೊಪ್ಪಿನ ಮೇಲೆಯೇ.

ಆ ಸೊಪ್ಪಿನ ಲೆಕ್ಕ ಸಾಕಿದವರಿಗೆ ಚೆನ್ನಾಗಿ ಗೊತ್ತು. ಚಾಕಿಯಿಂದ ಹಣ್ಣಾಗುವವರೆಗೆ ಸುಮಾರು 25 ದಿನ. ಆ ಅವಧಿಯಲ್ಲಿ ಹುಳುವಿನ ತೂಕ ಹತ್ತು ಸಾವಿರ ಪಟ್ಟಿನಷ್ಟು ಏರುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲೇ ಒಟ್ಟು ಸೊಪ್ಪಿನ ಐದರಲ್ಲಿ ನಾಲ್ಕು ಭಾಗ ಮುಗಿಯುತ್ತದೆ. ರಾತ್ರಿ ಸಾಕಣೆ ಮನೆಯಲ್ಲಿ ನಿಂತರೆ ಮಳೆ ಬಿದ್ದ ಸದ್ದು. ತಿಂದದ್ದರಲ್ಲಿ ಒಂದು ಪಾಲು ರೇಷ್ಮೆಯಾಯಿತು, ಒಂದು ಪಾಲು ಕೊಬ್ಬು ಮತ್ತು ಗ್ಲೈಕೋಜನ್ ಆಗಿ ದೇಹದಲ್ಲಿ ಕೂಡಿಬಿತ್ತು. ಒಣಗಿದ ಪ್ಯೂಪಾದಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಎಣ್ಣೆಯೇ ಇರುತ್ತದೆ. ನೂಲು ಬಿಚ್ಚಿದ ಮೇಲೆ ಪ್ಯೂಪಾವನ್ನು ಎಣ್ಣೆ ತೆಗೆಯುವವರು ಕೊಳ್ಳಲು ಬರುವುದು ಇದಕ್ಕೇ. ರೀಲಿಂಗ್ ಕೇರಿಗಳ ವಾಸನೆಯೂ ಈ ಎಣ್ಣೆಯದೇ, ಅದನ್ನು ಯಾರೂ ಹೊಗಳಲಾರರು.

ಈ ಕೊಬ್ಬನ್ನು ಪ್ಯೂಪಾ ಸುಡುತ್ತಿದೆ. ಕಳೆದುಹೋದ ತೂಕದಲ್ಲಿ ಹೆಚ್ಚಿನದು ಆವಿಯಾದ ನೀರು. ಉಳಿದದ್ದು ಇಂಗಾಲ. ಅದು ಇಂಗಾಲದ ಡೈಆಕ್ಸೈಡ್ ಆಗಿ ಗೂಡಿನ ಎಳೆಗಳ ಸಂದಿಯಿಂದ ಹೊರಗೆ ಹೋಯಿತು. ಕೈಗೆ ತಗುಲಿದ ಬಿಸಿ ಆ ಒಲೆಯ ಕಾವು.

ಇಲ್ಲಿ ರೀಲರನ ಅವಸರಕ್ಕೂ ಕಾರಣ ಸಿಗುತ್ತದೆ. ತೂಕ ಇಳಿದರೆ ನಷ್ಟ ಮಾರುವವನದು, ಏಕೆಂದರೆ ರೇಷ್ಮೆ ಅಷ್ಟೇ ಇರುತ್ತದೆ. ಆದರೆ ಹತ್ತು ಹನ್ನೆರಡು ದಿನ ಬಿಟ್ಟರೆ ಒಳಗಿನ ಕೆಲಸ ಮುಗಿದು, ಚಿಟ್ಟೆ ಒಂದು ಕಿಣ್ವವನ್ನು ಸುರಿಸಿ ಗೂಡಿಗೆ ತೂತು ಮಾಡಿ ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂರಾರು ಮೀಟರ್‌ನ ಒಂದೇ ಎಳೆ ಬಿಚ್ಚುವುದಿಲ್ಲ. ಅದಕ್ಕೆ ಮೊದಲೇ ಹಬೆಯಲ್ಲೋ ಬಿಸಿಗಾಳಿಯಲ್ಲೋ ಪ್ಯೂಪಾವನ್ನು ಕೊಲ್ಲಲೇಬೇಕು. ಕಿಣ್ವಗಳೆಲ್ಲ ಪ್ರೋಟೀನುಗಳು, ಬೇಯಿಸಿದ ಮೊಟ್ಟೆಯಂತೆ ಕಾವಿಗೆ ಕೆಡುತ್ತವೆ. ಆಗ ಒಲೆ ಆರುತ್ತದೆ. ಒಣಗಿಸಿದ ಗೂಡನ್ನು ತಿಂಗಳುಗಟ್ಟಲೆ ಇಡಬಹುದು. ಉಸಿರಾಟ ನಿಂತ ಜೀವಿಗೂ ನಡೆಯುತ್ತಿರುವ ಜೀವಿಗೂ ಇರುವ ವ್ಯತ್ಯಾಸವೇ ಇಲ್ಲಿ ವ್ಯಾಪಾರದ ಲೆಕ್ಕ.

ಉಸಿರಾಟವೂ ಒಂದು ಬಗೆಯ ಸುಡುವಿಕೆ ಎಂದು ಅಳೆದು ತೋರಿಸಿದವರು ಫ್ರಾನ್ಸಿನ ಲವಾಸಿಯೇ ಮತ್ತು ಲಾಪ್ಲಾಸ್. 1782-83ರ ಚಳಿಗಾಲದಲ್ಲಿ ಅವರು ಒಂದು ಗಿನಿಯಿಲಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪೆಟ್ಟಿಗೆಯೊಳಗೆ ಇಟ್ಟು, ಅದರ ಮೈಯ ಶಾಖಕ್ಕೆ ಎಷ್ಟು ಮಂಜು ಕರಗಿತು ಎಂದು ಅಳೆದರು. ಅದು ಬಿಟ್ಟ ಇಂಗಾಲದ ಡೈಆಕ್ಸೈಡನ್ನೂ ಅಳೆದು, ಇದ್ದಿಲು ಉರಿದಾಗಿನ ಲೆಕ್ಕಕ್ಕೆ ಹೋಲಿಸಿದರು. ಎರಡೂ ಹತ್ತಿರ ಹತ್ತಿರ ಬಂದವು. ಅದೇ ದಶಕದಲ್ಲಿ ನಮ್ಮ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ ಬಂಗಾಳದಿಂದಲೂ ಮಸ್ಕತ್‌ನಿಂದಲೂ ರೇಷ್ಮೆ ಹುಳುಗಳನ್ನು ತರಿಸುವ ಏರ್ಪಾಡು ಮಾಡಿ ಮೈಸೂರು ಸೀಮೆಯಲ್ಲಿ ಈ ಕಸುಬಿಗೆ ಬುನಾದಿ ಹಾಕುತ್ತಿದ್ದ. ಒಂದಕ್ಕೊಂದು ಸಂಬಂಧವಿಲ್ಲ, ನಿಜ. ಆದರೆ ಇತಿಹಾಸದ ಪುಸ್ತಕ ಓದುವಾಗ ಇಂಥ ಸಮಕಾಲೀನ ಸಂಗತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡರೆ ಇಸವಿಗಳು ಮರೆಯುವುದಿಲ್ಲ.

ಸುಡುವಿಕೆ ಎಂದೆ. ಹಾಗಾದರೆ ನಮ್ಮ ಮೈ ಏಕೆ ಹೊತ್ತಿಕೊಳ್ಳುವುದಿಲ್ಲ? ಒಂದು ಚಮಚ ಸಕ್ಕರೆಯನ್ನು ಬೆಂಕಿಗೆ ಹಾಕಿದರೆ ಶಕ್ತಿಯೆಲ್ಲ ಒಮ್ಮೆಗೇ ಶಾಖವಾಗಿ ಹಾರಿಹೋಗುತ್ತದೆ. ಜೀವಕೋಶಕ್ಕೆ ಅದರಿಂದ ಉಪಯೋಗವಿಲ್ಲ. ಐನೂರು ರೂಪಾಯಿ ನೋಟು ಹಿಡಿದು ಸಂತೆಯಲ್ಲಿ ಕೊತ್ತಂಬರಿ ಸೊಪ್ಪು ಕೊಳ್ಳಲು ಹೋದವರ ಪಾಡು ನಿಮಗೆ ಗೊತ್ತು. ಜೀವಕೋಶ ಮಾಡುವುದು ನೋಟನ್ನು ಚಿಲ್ಲರೆ ಮಾಡುವ ಕೆಲಸ. ಆ ಚಿಲ್ಲರೆಯ ಹೆಸರು ಅಡಿನೋಸಿನ್ ಟ್ರೈಫಾಸ್ಫೇಟ್, ಚಿಕ್ಕದಾಗಿ ಎಟಿಪಿ. ಸ್ನಾಯು ಕುಗ್ಗಲು, ನರಗಳಲ್ಲಿ ಸಂದೇಶ ಹರಿಯಲು, ಪ್ರೋಟೀನು ಕಟ್ಟಲು, ಎಲ್ಲಕ್ಕೂ ಈ ನಾಣ್ಯವೇ ನಡೆಯುವುದು. ನಮ್ಮ ದೇಹದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಎಟಿಪಿ ಬಹಳ ಸ್ವಲ್ಪ. ಆದರೆ ಅದೇ ನಾಣ್ಯ ಮತ್ತೆ ಮತ್ತೆ ಖರ್ಚಾಗಿ ಮತ್ತೆ ಮತ್ತೆ ತುಂಬಿಕೊಂಡು, ದಿನವೊಂದಕ್ಕೆ ಚಲಾವಣೆಯಾಗುವ ಮೊತ್ತವನ್ನು ಕೂಡಿಸಿದರೆ ಸುಮಾರು ನಮ್ಮ ತೂಕದಷ್ಟೇ ಆಗುತ್ತದೆ.

ಎಟಿಪಿಯನ್ನು 1929ರಲ್ಲಿ ಕಂಡುಹಿಡಿದವರಲ್ಲಿ ನಮ್ಮ ದೇಶದವರೊಬ್ಬರಿದ್ದಾರೆ ಎಂಬುದನ್ನು ನಮ್ಮ ಮಕ್ಕಳು ಕೇಳಿಯೇ ಇರುವುದಿಲ್ಲ. ಅವರು ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ ಮೂರನೆಯ ಸಲ ಪಾಸಾದವರು. ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಜೊತೆ ಕೆಲಸ ಮಾಡಿ ಸ್ನಾಯುವಿನಲ್ಲಿ ಈ ವಸ್ತುವನ್ನು ಗುರುತಿಸಿದರು. ಜರ್ಮನಿಯ ಕಾರ್ಲ್ ಲೋಮಾನ್ ಅದೇ ವರ್ಷ ಪ್ರತ್ಯೇಕವಾಗಿ ಕಂಡುಹಿಡಿದರು. ಸುಬ್ಬರಾವ್ ಅವರ ಹೆಸರನ್ನು ನೆನಪಿಡಿ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬರುತ್ತದೆ.

ಚಿಲ್ಲರೆ ಮಾಡುವ ಕೆಲಸ ಹಂತ ಹಂತವಾಗಿ ನಡೆಯುತ್ತದೆ. ಮೊದಲ ಹಂತ ಜೀವಕೋಶದ ದ್ರವದಲ್ಲಿ. ಗ್ಲೂಕೋಸಿನ ಅಣುವಿನಲ್ಲಿರುವುದು ಆರು ಇಂಗಾಲ. ಹತ್ತು ಕಿಣ್ವಗಳು ಒಂದಾದ ಮೇಲೊಂದು ಕೈಯಾಡಿಸಿ ಅದನ್ನು ಮೂರು ಮೂರು ಇಂಗಾಲದ ಎರಡು ತುಂಡು ಮಾಡುತ್ತವೆ. ಲಾಭ ಎರಡೇ ಎಟಿಪಿ. ಇಲ್ಲಿ ಆಮ್ಲಜನಕ ಬೇಕಾಗಿಲ್ಲ. ಆ ತುಂಡುಗಳು ಮೈಟೊಕಾಂಡ್ರಿಯಾ ಎಂಬ ಒಲೆಮನೆಗೆ ಹೋಗುತ್ತವೆ. ಅಲ್ಲಿ ಒಂದೊಂದೇ ಇಂಗಾಲ ಕಳಚಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ನೀವು ಈಗ ಬಿಟ್ಟ ಉಸಿರಿನಲ್ಲಿರುವ ಇಂಗಾಲ ನಿನ್ನೆಯೋ ಇಂದೋ ತಿಂದ ಮುದ್ದೆಯಿಂದ ಬಂದದ್ದು. ಹೊಸಕೋಟೆಯ ದಮ್ ಬಿರಿಯಾನಿಯನ್ನೇ ತಿಂದಿರಿ ಎನ್ನಿ. ಅಕ್ಕಿಯ ಪಿಷ್ಟ, ತುಪ್ಪದ ಕೊಬ್ಬು, ಮಾಂಸದ ಪ್ರೋಟೀನು ಮೂರೂ ಬೇರೆ ಬೇರೆ ದಾರಿಯಲ್ಲಿ ಬಂದರೂ ಕೊನೆಗೆ ಸೇರುವುದು ಇದೇ ಒಲೆಗೆ.

ಆ ಒಲೆಯಲ್ಲಿ ನಡೆಯುವ ಕ್ರಿಯೆಯನ್ನು ಚಕ್ರದ ರೂಪದಲ್ಲಿ ಬಿಡಿಸಿ ತೋರಿಸಿದವರು ಹಾನ್ಸ್ ಕ್ರೆಬ್ಸ್. ಯೆಹೂದಿ ಎಂಬ ಕಾರಣಕ್ಕೆ 1933ರಲ್ಲಿ ಜರ್ಮನಿಯ ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಬಂದವರು. ಶೆಫೀಲ್ಡ್‌ನಲ್ಲಿ ಪಾರಿವಾಳದ ಎದೆಯ ಸ್ನಾಯುವನ್ನು ಅರೆದು ಪ್ರಯೋಗ ಮಾಡಿ 1937ರಲ್ಲಿ ಈ ಚಕ್ರವನ್ನು ಕಂಡುಕೊಂಡರು. ನೇಚರ್ ಪತ್ರಿಕೆಗೆ ಕಳಿಸಿದ ಲೇಖನ, ಸದ್ಯಕ್ಕೆ ಬೇಕಾದಷ್ಟು ಪತ್ರಗಳಿವೆ ಎಂಬ ಉತ್ತರದೊಂದಿಗೆ ಹಿಂದಕ್ಕೆ ಬಂತು. ಬೇರೆ ಪತ್ರಿಕೆಯಲ್ಲಿ ಪ್ರಕಟಿಸಿದರು. 1953ರಲ್ಲಿ ಅದಕ್ಕೆ ನೊಬೆಲ್ ಬಂತು.

ಕೊನೆಯ ಹಂತವೇ ಎಲ್ಲಕ್ಕಿಂತ ಚೆಂದ, ಪಠ್ಯಪುಸ್ತಕದಲ್ಲಿ ಅದನ್ನು ನಾಲ್ಕು ಸಾಲಿನಲ್ಲಿ ಮುಗಿಸಿರುತ್ತಾರೆ. ನೀವು ಶಿವನಸಮುದ್ರಕ್ಕೆ ಪ್ರವಾಸ ಹೋಗಿರುತ್ತೀರಿ. 1902ರಲ್ಲಿ ಅಲ್ಲಿನ ಕಾವೇರಿ ನೀರಿನಿಂದ ವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ನೀರು ಎತ್ತರದಿಂದ ಇಳಿಯುವ ರಭಸಕ್ಕೆ ಚಕ್ರ ತಿರುಗುತ್ತದೆ. ಮೈಟೊಕಾಂಡ್ರಿಯಾದಲ್ಲೂ ಹೀಗೆಯೇ. ಆಹಾರದಿಂದ ಕಳಚಿದ ಎಲೆಕ್ಟ್ರಾನುಗಳು ಒಳಪೊರೆಯಲ್ಲಿರುವ ಪ್ರೋಟೀನುಗಳ ಸಾಲಿನಲ್ಲಿ ಕೈಯಿಂದ ಕೈಗೆ ಸಾಗುತ್ತವೆ. ಆ ಸಾಗಣೆಯ ಶಕ್ತಿಯಿಂದ ಪ್ರೋಟಾನುಗಳು ಪೊರೆಯ ಒಂದು ಬದಿಗೆ ಪಂಪ್ ಆಗಿ, ಅಣೆಕಟ್ಟಿನ ಹಿಂದೆ ನೀರು ನಿಂತಂತೆ ನಿಲ್ಲುತ್ತವೆ. ಅವು ಹಿಂದಕ್ಕೆ ಇಳಿಯುವ ದಾರಿಯಲ್ಲಿ ಒಂದು ಪ್ರೋಟೀನು ಚಕ್ರವಿದೆ. ಉಪಮೆಯಲ್ಲ, ಅದು ನಿಜವಾಗಿಯೂ ತಿರುಗುತ್ತದೆ, ತಿರುಗಿದಾಗ ಎಟಿಪಿ ತಯಾರಾಗುತ್ತದೆ. ಪೀಟರ್ ಮಿಚೆಲ್ 1961ರಲ್ಲಿ ಈ ಅಣೆಕಟ್ಟಿನ ವಿಚಾರ ಹೇಳಿದಾಗ ಹೆಚ್ಚಿನವರು ಒಪ್ಪಲಿಲ್ಲ. 1978ರಲ್ಲಿ ಅವರಿಗೂ ನೊಬೆಲ್ ಸಿಕ್ಕಿತು. ಒಂದು ಗ್ಲೂಕೋಸಿನಿಂದ ಒಟ್ಟು 36 ಅಥವಾ 38 ಎಟಿಪಿ ಎಂದು ಹಳೆಯ ಪುಸ್ತಕಗಳಲ್ಲಿದೆ. ಈಗಿನ ಅಳತೆಯಂತೆ ಸುಮಾರು 30ರಿಂದ 32. ಪರೀಕ್ಷೆಯಲ್ಲಿ ನಿಮ್ಮ ಪುಸ್ತಕದಲ್ಲಿರುವುದನ್ನೇ ಬರೆಯಿರಿ, ಆದರೆ ತಿಳಿದಿರಲಿ.

ಕೈಯಿಂದ ಕೈಗೆ ಸಾಗಿದ ಎಲೆಕ್ಟ್ರಾನನ್ನು ಕೊನೆಗೆ ತೆಗೆದುಕೊಳ್ಳುವವರು ಯಾರು? ಅದೇ ಆಮ್ಲಜನಕ. ಎಲೆಕ್ಟ್ರಾನು ಮತ್ತು ಪ್ರೋಟಾನುಗಳನ್ನು ಸೇರಿಸಿಕೊಂಡು ಅದು ನೀರಾಗುತ್ತದೆ. ಮೂಗಿನಿಂದ ಎಳೆದ ಗಾಳಿಗೆ ಒಳಗೆ ಇರುವ ಕೆಲಸ ಇದು, ಸಾಲಿನ ತುದಿಯಲ್ಲಿ ನಿಂತು ಕೈ ಒಡ್ಡುವುದು. ಅದು ಬರಲಿಲ್ಲವಾದರೆ ಸಾಲು ನಿಲ್ಲುತ್ತದೆ, ಚಕ್ರ ನಿಲ್ಲುತ್ತದೆ, ಕೆಲವೇ ನಿಮಿಷದಲ್ಲಿ ಮೆದುಳಿನ ಕೋಶಗಳು ಸಾಯತೊಡಗುತ್ತವೆ. ಮೊದಲು ಹೇಳಿದ ಪರೀಕ್ಷೆಯ ಪ್ರಶ್ನೆಗೆ ಇದನ್ನು ಬರೆದರೆ ಪೂರ್ತಿ ಅಂಕ.

ರೇಷ್ಮೆ ಹುಳುವಿಗೆ ಈ ಆಮ್ಲಜನಕ ಸುಲಭವಾಗಿ ಸಿಗುತ್ತದೆ. ಅದರ ಮೈಯ ಎರಡೂ ಬದಿಗೆ ಒಂಬತ್ತೊಂಬತ್ತು ಕಪ್ಪು ಚುಕ್ಕೆಗಳಿವೆ, ಎಣಿಸಿ ನೋಡಿ. ಅವು ಕಿಂಡಿಗಳು. ಅಲ್ಲಿಂದ ಸಣ್ಣ ಸಣ್ಣ ನಳಿಕೆಗಳು ಗಾಳಿಯನ್ನು ನೇರವಾಗಿ ಕೋಶಗಳ ಬಳಿಗೆ ಒಯ್ಯುತ್ತವೆ. ಹುಳುವಿನ ರಕ್ತ ಆಮ್ಲಜನಕ ಹೊರುವುದಿಲ್ಲ, ಅದಕ್ಕೇ ಅದು ಕೆಂಪಗಿಲ್ಲ. ನಮ್ಮ ದೇಹ ದೊಡ್ಡದು, ನಮಗೆ ಹೊರುವವರು ಬೇಕು. ಬಲ ಹೃದಯದ ರಕ್ತ ಶ್ವಾಸಕೋಶದ ಮೂಲಕವೇ ಎಡಕ್ಕೆ ಬರುತ್ತದೆ, ಹೃದಯದ ನಡುಗೋಡೆಯಲ್ಲಿ ತೂತುಗಳಿಲ್ಲ ಎಂದು 13ನೇ ಶತಮಾನದಲ್ಲಿ ಕೈರೋದಲ್ಲಿದ್ದ ಹಕೀಮ್ ಇಬ್ನ್ ಅಲ್ ನಫೀಸ್ ಬರೆದಿದ್ದರು. ಆ ಹಸ್ತಪ್ರತಿ 1924ರಲ್ಲಿ ಬರ್ಲಿನ್‌ನಲ್ಲಿ ಈಜಿಪ್ಟಿನ ವೈದ್ಯರೊಬ್ಬರ ಕಣ್ಣಿಗೆ ಬೀಳುವವರೆಗೆ ಲೋಕ ಅದನ್ನು ಮರೆತಿತ್ತು. ಹೆಮ್ಮೆಪಡೋಣ. ಆದರೆ ಅವರ ಹೆಸರು ಹೇಳಿ ಚಪ್ಪಾಳೆ ಹೊಡೆದು, ನಮ್ಮ ಶಾಲೆಯ ಸೂಕ್ಷ್ಮದರ್ಶಕವನ್ನು ಬೀರುವಿನಲ್ಲಿ ಬೀಗ ಹಾಕಿ ಇಡುವುದು ಬೇಡ.

ಆಮ್ಲಜನಕವನ್ನು ಹೊರುವವು ಕೆಂಪು ರಕ್ತಕಣಗಳು. ಅವುಗಳಲ್ಲಿ ಮೈಟೊಕಾಂಡ್ರಿಯಾ ಇಲ್ಲ. ಹೊತ್ತ ಆಮ್ಲಜನಕವನ್ನು ತಾವು ಉರಿಸಿಕೊಳ್ಳುವುದಿಲ್ಲ, ಮೊದಲ ಹಂತದ ಎರಡು ಎಟಿಪಿಯಲ್ಲೇ ಜೀವನ ಸಾಗಿಸುತ್ತವೆ. ಅಮಾನತ್ ಎಂದರೆ ಏನು ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಕಣಗಳ ಹಿಮೋಗ್ಲೋಬಿನ್‌ಗೆ ಕಬ್ಬಿಣ ಬೇಕು. ಮೈಟೊಕಾಂಡ್ರಿಯಾದಲ್ಲಿ ಎಲೆಕ್ಟ್ರಾನು ಸಾಗಿಸುವ ಪ್ರೋಟೀನುಗಳಿಗೂ ಕಬ್ಬಿಣ ಬೇಕು. ಕಬ್ಬಿಣ ಕಡಿಮೆಯಾದರೆ ಹೊರುವವರೂ ಕಡಿಮೆ, ಒಲೆಯೂ ಮಂದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಸುಮಾರು ಶೇಕಡಾ 48. ಅಂದರೆ ಈ ಸಭೆಯಲ್ಲಿ ಕುಳಿತ ತಾಯಂದಿರು, ಹೆಣ್ಣುಮಕ್ಕಳಲ್ಲಿ ಹೆಚ್ಚು ಕಡಿಮೆ ಇಬ್ಬರಲ್ಲಿ ಒಬ್ಬರು. ಮೂರನೇ ಪೀರಿಯಡ್ಡಿಗೆ ತೂಕಡಿಸುವ ಹುಡುಗಿಯನ್ನು ಸೋಮಾರಿ ಎನ್ನುತ್ತೇವೆ. ಮೆಟ್ಟಿಲು ಹತ್ತಿ ಏದುಸಿರು ಬಿಡುವವಳಿಗೆ ನಾಜೂಕು ಎನ್ನುತ್ತೇವೆ. ಮನಸ್ಸಿಲ್ಲದೆ ಓದುತ್ತಾಳೆ, ಮದುವೆ ಮಾಡಿಬಿಡೋಣ ಎನ್ನುವ ಮನೆಗಳೂ ಇವೆ. ಅವಳ ಮನಸ್ಸಿಗೆ ಏನೂ ಆಗಿಲ್ಲ. ಅವಳ ಕೋಶಗಳಿಗೆ ಆಮ್ಲಜನಕ ಸಾಲುತ್ತಿಲ್ಲ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ ಇರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಈ ಫೋಲಿಕ್ ಆಮ್ಲವನ್ನು 1940ರ ದಶಕದಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದ ತಂಡದ ನೇತೃತ್ವ ವಹಿಸಿದವರು ಆಗ ಹೇಳಿದ ಅದೇ ಸುಬ್ಬರಾವ್. ಮಾತ್ರೆಯನ್ನು ಕಿಟಕಿಯಿಂದ ಎಸೆಯುವ ಹುಡುಗಿಯರೇ, ಏನೇನೋ ಮಾತ್ರೆ ಕೊಡುತ್ತಾರೆ ಎಂದು ಹೆದರುವ ತಾಯಂದಿರೇ, ದಯವಿಟ್ಟು ಇದನ್ನು ಗಮನಿಸಿ. ಊಟವಾದ ಮೇಲೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ತಗ್ಗುತ್ತದೆ, ನಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚುತ್ತದೆ. ಸುಸ್ತು ಹೋಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಇನ್ನು ರೋಜಾ ವಿಷಯ. 2024, 2025, 2026ರಲ್ಲಿ ರಂಜಾನ್ ತಿಂಗಳು ಪರೀಕ್ಷೆಯ ಕಾಲಕ್ಕೇ ಬಂತು. ಹೊಟ್ಟೆಯಲ್ಲಿ ಏನೂ ಇಲ್ಲದೆ ತಲೆ ಹೇಗೆ ಓಡುತ್ತದೆ ಎಂದು ಮಕ್ಕಳು ಕೇಳುತ್ತಾರೆ. ಗೂಡಿನೊಳಗಿನ ಪ್ಯೂಪಾವನ್ನು ನೆನೆಸಿಕೊಳ್ಳಿ. ಹೊಟ್ಟೆ ಖಾಲಿಯಾದರೆ ಕೋಶ ಖಾಲಿಯಾಗುವುದಿಲ್ಲ. ಯಕೃತ್ತಿನಲ್ಲಿ ಸುಮಾರು ನೂರು ಗ್ರಾಂ ಗ್ಲೈಕೋಜನ್ ಇರುತ್ತದೆ. ಸಹರಿಯ ಊಟ ಜೀರ್ಣವಾದ ಮೇಲೆ ಯಕೃತ್ತು ಅದನ್ನು ಸ್ವಲ್ಪ ಸ್ವಲ್ಪವಾಗಿ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ. ಮಧ್ಯಾಹ್ನ ಕಳೆದಂತೆ ಸ್ನಾಯು, ಹೃದಯ ಹೆಚ್ಚು ಹೆಚ್ಚಾಗಿ ಕೊಬ್ಬನ್ನು ಸುಟ್ಟು, ಗ್ಲೂಕೋಸನ್ನು ಮೆದುಳಿಗೆ ಬಿಟ್ಟುಕೊಡುತ್ತವೆ. ಮೆದುಳು ತೂಕದಲ್ಲಿ ದೇಹದ ಐವತ್ತರಲ್ಲಿ ಒಂದು ಪಾಲು, ಖರ್ಚಿನಲ್ಲಿ ಐದರಲ್ಲಿ ಒಂದು ಪಾಲು. ನಮ್ಮೂರಿನ ಹದಿಮೂರು ಗಂಟೆಗಳ ಉಪವಾಸವನ್ನು ಆರೋಗ್ಯವಂತ ದೇಹ ಹೀಗೆ ನಿಭಾಯಿಸುತ್ತದೆ. ಆದರೆ ನಿದ್ದೆಗೆಟ್ಟು ಸಹರಿ ಬಿಟ್ಟು ಪರೀಕ್ಷೆಗೆ ಹೋದರೆ ರಾತ್ರಿಯಿಂದಲೇ ಆ ನೂರು ಗ್ರಾಂ ಕರಗುತ್ತಾ ಬಂದಿರುತ್ತದೆ. ಸಹರಿಯಲ್ಲಿ ಬರೀ ಸಿಹಿ ತಿನ್ನುವ ಬದಲು ರಾಗಿ, ಬೇಳೆ, ಮೊಟ್ಟೆಯಂಥ ನಿಧಾನಕ್ಕೆ ಕರಗುವುದನ್ನು ತಿನ್ನಿ, ನೀರು ಕುಡಿಯಿರಿ.

ಹಿರಿಯರಲ್ಲಿ ಸಕ್ಕರೆ ಕಾಯಿಲೆಯವರಿಗೆ ಈ ಲೆಕ್ಕ ಬೇರೆ. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳು ಉಪವಾಸದಲ್ಲೂ ರಕ್ತದ ಗ್ಲೂಕೋಸನ್ನು ಇಳಿಸುತ್ತಲೇ ಇರುತ್ತವೆ. ಕೈ ನಡುಕ, ಬೆವರು, ಮಂಪರು ಬಂದರೆ ಅದು ಮೆದುಳಿಗೆ ಇಂಧನ ಸಾಲದೆ ಬಂದದ್ದು, ಸಹಿಸಿಕೊಂಡು ಕೂರುವ ಹೊತ್ತಲ್ಲ. ರೋಗಿಗೆ ಬೇರೆ ದಿನಗಳಲ್ಲಿ ಲೆಕ್ಕ ತುಂಬುವ ರಿಯಾಯಿತಿ ಸೂರಃ ಅಲ್ ಬಖರಃದಲ್ಲೇ ಇದೆ. ರಂಜಾನ್‌ಗೆ ಒಂದು ತಿಂಗಳು ಮುಂಚೆ ವೈದ್ಯರನ್ನು ಕಂಡು ಮಾತ್ರೆಯ ಪ್ರಮಾಣವನ್ನೂ ಹೊತ್ತನ್ನೂ ಬದಲಿಸಿಕೊಳ್ಳಿ. ನಿಮ್ಮ ಮಸೀದಿಯ ಇಮಾಮರನ್ನೂ ಕೇಳಿ.

ತೂಕ ಇಳಿಸುವವರಿಗೂ ಒಂದು ಮಾತು. ಕೊಬ್ಬು ಬೆವರಾಗಿ ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 2014ರಲ್ಲಿ ತೋರಿಸಿದ ಲೆಕ್ಕದಂತೆ ಹತ್ತು ಕಿಲೋ ಕೊಬ್ಬು ಪೂರ್ತಿ ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ ಹೋಗುತ್ತದೆ, 1.6 ಕಿಲೋ ಮಾತ್ರ ನೀರಾಗುತ್ತದೆ. ವಿಜಯಪುರದ ಗೂಡು ಹಗುರವಾಗುವ ದಾರಿಯೇ ನಮ್ಮದೂ.

ಆಮ್ಲಜನಕವಿಲ್ಲದೆಯೂ ಅಲ್ಪಸ್ವಲ್ಪ ಶಕ್ತಿ ಪಡೆಯುವ ಜೀವಿಗಳಿವೆ. ದೋಸೆ ಹಿಟ್ಟು ರಾತ್ರಿ ಉಬ್ಬುವುದು ಅವುಗಳಿಂದ. ಜೋರಾಗಿ ಓಡಿದಾಗ ನಮ್ಮ ಸ್ನಾಯುವೂ ಸ್ವಲ್ಪ ಹೊತ್ತು ಆ ದಾರಿ ಹಿಡಿಯುತ್ತದೆ. ಇದನ್ನು ಹುದುಗುವಿಕೆ ಎನ್ನುತ್ತಾರೆ, ಲೂಯಿ ಪಾಶ್ಚರ್ ಅದನ್ನು ವಿವರವಾಗಿ ಅಭ್ಯಾಸ ಮಾಡಿದರು. ಗಾಳಿ ಸಿಕ್ಕಾಗ ಯೀಸ್ಟ್ ಕಡಿಮೆ ಸಕ್ಕರೆಯಲ್ಲೇ ಬದುಕುತ್ತದೆ ಎಂದು ಕಂಡವರು ಅವರೇ. ಕುತೂಹಲವೆಂದರೆ ಅದೇ ಪಾಶ್ಚರ್ 1865ರಿಂದ ಐದಾರು ವರ್ಷ ದಕ್ಷಿಣ ಫ್ರಾನ್ಸಿನಲ್ಲಿ ರೇಷ್ಮೆ ಹುಳುವಿನ ಪೆಬ್ರಿನ್ ರೋಗದ ಹಿಂದೆ ಬಿದ್ದಿದ್ದರು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಮೊಟ್ಟೆಯನ್ನು ಸುಡುವ ಅವರ ಪದ್ಧತಿ ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುತ್ತಿದೆ.

ಇಷ್ಟನ್ನೂ ನನ್ನ ಮಾತಿನ ಮೇಲೆ ನಂಬಬೇಡಿ, ಮನೆಯಲ್ಲಿ ಮಾಡಿ ನೋಡಿ. ಒಂದು ಹಿಡಿ ಹೆಸರುಕಾಳನ್ನು ನೆನೆಸಿ ಮೊಳಕೆ ಬರಿಸಿ ಒಂದು ಥರ್ಮಾಸ್‌ಗೆ ಹಾಕಿ. ಇನ್ನೊಂದು ಹಿಡಿಯನ್ನು ಬೇಯಿಸಿ ಆರಿಸಿ ಬೇರೆ ಥರ್ಮಾಸ್‌ಗೆ ಹಾಕಿ. ಎರಡಕ್ಕೂ ಹತ್ತಿ ಮುಚ್ಚಿ, ಶಾಲೆಯ ಥರ್ಮಾಮೀಟರ್ ಇಟ್ಟು ಮರುದಿನ ಬೆಳಿಗ್ಗೆ ಓದಿ. ಎಲೆ ಅಡಿಕೆಯ ಸುಣ್ಣವನ್ನು ನೀರಿಗೆ ಕಲಸಿ ರಾತ್ರಿ ಬಿಟ್ಟರೆ ಮೇಲೆ ತಿಳಿನೀರು ನಿಲ್ಲುತ್ತದೆ. ಅದನ್ನು ಚಿಕ್ಕ ಬಟ್ಟಲಿಗೆ ಬಗ್ಗಿಸಿ, ಮೊಳಕೆ ಕಾಳಿನ ಜೊತೆ ದೊಡ್ಡ ಡಬ್ಬಿಯಲ್ಲಿಟ್ಟು ಗಟ್ಟಿಯಾಗಿ ಮುಚ್ಚಿ. ತಿಳಿನೀರಿನ ಮೇಲೆ ಬಿಳಿಯ ಕೆನೆ ಕಟ್ಟುತ್ತದೆ. ಸುಣ್ಣ ಕಣ್ಣಿಗೆ ಹಾರದಂತೆ ಎಚ್ಚರವಿರಲಿ. ರೀಲಿಂಗ್ ಮನೆಯ ಮಕ್ಕಳಾದರೆ ಹತ್ತು ಹಸಿ ಗೂಡು, ಹತ್ತು ಒಣಗಿಸಿದ ಗೂಡು ಕೇಳಿ ಇಸಿದುಕೊಂಡು ಚಿನ್ನದಂಗಡಿಯ ತಕ್ಕಡಿಯಂಥ ಸಣ್ಣ ತಕ್ಕಡಿಯಲ್ಲಿ ಐದು ದಿನ ಒಂದೇ ಹೊತ್ತಿಗೆ ತೂಗಿ, ಬರೆದಿಡಿ. ಆರನೇ ದಿನ ಗೂಡನ್ನು ಅಪ್ಪನಿಗೆ ಹಿಂದಿರುಗಿಸಿ. ಇನ್ನೂ ಬಿಟ್ಟರೆ ಚಿಟ್ಟೆ ಬಂದೀತು, ಆಮೇಲೆ ಆ ಗೂಡಿಗೆ ಬೆಲೆಯಿಲ್ಲ.